ನಾವು ಪಾತ್ರಧಾರಿಗಳಾದ ಬಗೆ

ಸಲಹೆ ಕೊಡುವುದು ಉಪಾಧ್ಯಾಯರ ಹುಟ್ಟುಗುಣ. ಕೇಳಿದವರಿಗೂ ಕೊಡುತ್ತೇವೆ, ಕೇಳದವರಿಗೂ ಕೊಡುತ್ತೇವೆ. ಅಕ್ಷರವನ್ನು ದುಂಡಗೆ ಬರೆಯಬೇಕು, ಸಾಲಿನಲ್ಲಿ ನಿಲ್ಲಬೇಕು, ರೈಲು ನಿಲ್ಲುವ ಮುನ್ನ ಇಳಿಯಬಾರದು ಎಂದು ದಿನಕ್ಕೆ ಹತ್ತು ಬಾರಿಯಾದರೂ ಹೇಳದಿದ್ದರೆ ನಮಗೆ ಊಟ ರುಚಿಸುವುದಿಲ್ಲ. ಆದರೆ ಸಲಹೆ ಬೇಡುವುದು ಬೇರೆಯೇ ಒಂದು ವಿದ್ಯೆ. ಅದನ್ನು ಯಾವ ಶಿಕ್ಷಕರ ತರಬೇತಿಯಲ್ಲಿಯೂ ಹೇಳಿಕೊಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಆ ವಿದ್ಯೆಯನ್ನು ನಾವು ನಮ್ಮ ಹಳೆಯ ಶಿಷ್ಯರ ಮುಂದೆ ಕುಳಿತು ಕಲಿಯಬೇಕಾಗಿ ಬಂದಿತು. ಅದರ ವೃತ್ತಾಂತವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ನಿಮ್ಮ ಮುಂದಿಡುತ್ತಿದ್ದೇವೆ. ನಿಮ್ಮಲ್ಲಿಯೂ ಕೆಲವರು ನಾಳೆ ಆ ಆಟಕ್ಕೆ ಹೊಸಬರಾಗಿ ಹೊರಡಬಹುದು. ನಾವು ಎಡವಿದ ಕಲ್ಲುಗಳ ಗುರುತು ನಿಮಗೆ ದೊರೆತರೆ ಒಳ್ಳೆಯದು.

ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ಶಿಷ್ಯನೊಬ್ಬನು ಜೂನ್ ತಿಂಗಳ ಒಂದು ಸಂಜೆ ದಾದರ್ ನಿಲ್ದಾಣದ ಮೇಲುಸೇತುವೆಯ ಮೇಲೆ ಎದುರಾದನು. "ಸರ್, ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ಭಾನುವಾರಗಳಲ್ಲಿ ಸೇರಿ ಒಂದು ಆಟ ಆಡುತ್ತೇವೆ. ನೀವೂ ಬನ್ನಿ. ಬರುವಾಗ ಒಂದು ಪಾತ್ರ ತನ್ನಿ, ಅಷ್ಟೇ ಸಾಕು" ಎಂದನು. ಹಿಂದಿನಿಂದ ಜನ ನೂಕುತ್ತಿದ್ದರು, ಕೆಳಗೆ ರೈಲು ಕೂಗುತ್ತಿದ್ದಿತು. ಪಾತ್ರೆ ತನ್ನಿ ಎಂದು ನಮ್ಮ ಕಿವಿಗೆ ಬಿದ್ದಿತು. ನಾಲ್ಕು ಜನ ಸೇರುವಲ್ಲಿ ಬರಿಯ ಪಾತ್ರೆ ಒಯ್ಯುವುದು ಶೋಭೆಯಲ್ಲವೆಂದು ಆ ಭಾನುವಾರ ಮುಚ್ಚಳವಿದ್ದ ಸ್ಟೀಲಿನ ಪಾತ್ರೆಯ ತುಂಬ ಒಗ್ಗರಣೆಯ ಅವಲಕ್ಕಿ ಮಾಡಿಸಿಕೊಂಡು ಹೋದೆವು. ಹುಡುಗರು ಅವಲಕ್ಕಿಯನ್ನು ಮುಗಿಸಿದ ಮೇಲೆ, "ಸರ್, ಪಾತ್ರೆ ಬಂದಿತು, ಪಾತ್ರ ಎಲ್ಲಿ?" ಎಂದು ಕೇಳಿದರು. ಒಂದು ಎತ್ವದಿಂದ ಅರ್ಥವು ಎಷ್ಟು ದೂರ ಹೋಗುತ್ತದೆಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ ನಾವೇ ಆ ಎತ್ವದಲ್ಲಿ ಜಾರಿದ್ದೆವು. ಅವರೂ ನಕ್ಕರು, ನಾವೂ ನಕ್ಕೆವು.

ಆ ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ನೆಲಮಾಳಿಗೆಯ ಕತ್ತಲೆಯೂ ಬೆಂಕಿಯುಗುಳುವ ಘಟಸರ್ಪವೂ ಹೆಸರಿನಲ್ಲಿಯೇ ಸೇರಿವೆ. ಅದು ಹುಟ್ಟಿದ್ದು ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬವರೂ ನೆರೆಯ ಮಿನೆಸೋಟ ರಾಜ್ಯದ ಡೇವ್ ಆರ್ನೆಸನ್ ಎಂಬವರೂ ಅದನ್ನು ರಚಿಸಿದರು. 1974ರಲ್ಲಿ ಅದು ಪ್ರಕಟವಾಯಿತು. ಗೈಗ್ಯಾಕ್ಸರು ವಿಮಾ ಕಂಪನಿಯ ನೌಕರಿ ಹೋದ ಮೇಲೆ ಪಾದರಕ್ಷೆಗಳನ್ನು ದುರಸ್ತಿ ಮಾಡಿ ಸಂಸಾರ ತೂಗಿಸಿದವರು. ಆರ್ನೆಸನ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವರು. ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ ಯುದ್ಧಗಳನ್ನು ಆಡುವುದು ಇಬ್ಬರಿಗೂ ಹವ್ಯಾಸವಾಗಿದ್ದಿತು. ಅಂತಹ ಆಟದಲ್ಲಿ ಆಟಗಾರನು ಒಂದು ಇಡೀ ದಂಡನ್ನು ನಡೆಸುತ್ತಾನೆ. ದಂಡನ್ನು ಬಿಟ್ಟು ಒಬ್ಬನೇ ಒಬ್ಬ ಮನುಷ್ಯನನ್ನು ನಡೆಸಿದರೆ ಹೇಗೆ? ಅವನಿಗೊಂದು ಹೆಸರಿರಲಿ, ಹಸಿವಿರಲಿ, ಹೆದರಿಕೆ ಇರಲಿ. ಇಂದು ಗೆದ್ದರೆ ನಾಳೆ ಸ್ವಲ್ಪ ಬಲಿಯಲಿ. ಇಷ್ಟೇ ಬದಲಾವಣೆಯಿಂದ ಹೊಸದೊಂದು ಬಗೆಯ ಆಟ ಹುಟ್ಟಿತು. ಮೊದಲ ಬಾರಿಗೆ ಅಚ್ಚಾದದ್ದು ಕೇವಲ 1,000 ಪ್ರತಿ: ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂರು ಕಿರುಹೊತ್ತಗೆ. ಅನಂತರ ನಿಯಮಗಳು ಹಲವು ಬಾರಿ ಬದಲಾದವು. ಆಟಗಾರರ ಕೈಪಿಡಿಯು 2024ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಗಿ ಬಂದಿತು. ನಮಗೆ ಹುಡುಗರು ಕಲಿಸಿದ್ದು ಆ ಪರಿಷ್ಕೃತ ಕ್ರಮವನ್ನು.

ಆಟದ ಬಗೆಯನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ ನಮಗೆ ನಮ್ಮ ಕರಾವಳಿಯ ತಾಳಮದ್ದಳೆಯೇ ನೆನಪಿಗೆ ಬರುತ್ತದೆ. ಬಾಲ್ಯದಲ್ಲಿ ಊರಿನ ದೇವಸ್ಥಾನದ ಜಗಲಿಯಲ್ಲಿ ರಾತ್ರಿಯಿಡೀ ಕುಳಿತು ಕೇಳಿದ ಆ ಕಲೆ ಮುಂಬಯಿಯ ಸಭಾಂಗಣಗಳಲ್ಲಿಯೂ ನಡೆಯುತ್ತಿರುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆಯುಟ್ಟು ಶಾಲು ಹೊದೆದು ಕುಳಿತ ಅರ್ಥಧಾರಿಗಳು ಒಬ್ಬರು ಕೃಷ್ಣನಾಗಿ, ಒಬ್ಬರು ಕರ್ಣನಾಗಿ ಆ ಕ್ಷಣದಲ್ಲಿ ತೋಚಿದ ಮಾತನ್ನು ಆಡುತ್ತಾರೆ. ಈ ಆಟವೂ ಹಾಗೆಯೇ. ಒಬ್ಬನು ಕಥೆಯನ್ನು ನಡೆಸುತ್ತಾನೆ: ಕಾಡನ್ನೂ ಕೋಟೆಯನ್ನೂ ಬಣ್ಣಿಸುತ್ತಾನೆ, ಎದುರಾಗುವ ರಾಕ್ಷಸರ ಪರವಾಗಿಯೂ ದಾರಿಹೋಕರ ಪರವಾಗಿಯೂ ತಾನೇ ಮಾತನಾಡುತ್ತಾನೆ. ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿ, "ನಾನು ಬಾಗಿಲು ತಟ್ಟುತ್ತೇನೆ", "ನಾನು ದೀಪ ಆರಿಸುತ್ತೇನೆ" ಎನ್ನುತ್ತ ಕಥೆಯನ್ನು ಮುಂದೆ ನೂಕುತ್ತಾರೆ. ಆದರೆ ಒಂದು ದೊಡ್ಡ ಭೇದವುಂಟು. ತಾಳಮದ್ದಳೆಯಲ್ಲಿ ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಯಲ್ಲಿ ಬೀಳಲೇಬೇಕು. ಅದು ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಏನಾಗುವುದೆಂದು ಕಥೆ ನಡೆಸುವವನಿಗೂ ಗೊತ್ತಿರುವುದಿಲ್ಲ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಆಟಗಾರರಲ್ಲಿ ಗೆದ್ದವರು ಸೋತವರು ಎಂಬುದೂ ಇಲ್ಲ. ಎಲ್ಲರೂ ಒಂದೇ ದೋಣಿಯವರು.

ಇನ್ನು ಪಾತ್ರವನ್ನು ಕಟ್ಟುವ ಕೆಲಸ. ನಾವು ಹೊಸಬರು, ಸಲಹೆ ಬೇಡಿದೆವು. ಸಲಹೆಗೆ ಬರವಿರಲಿಲ್ಲ. ವೃತ್ತಿಗಳು 12 ಇವೆ, ಒಂದನ್ನು ಆರಿಸಿಕೊಳ್ಳಿ ಎಂದರು: ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ, ಹಾಡುಗಾರ, ಬೇಟೆಗಾರ ಮುಂತಾಗಿ. ಮೊದಲನೆಯವನು, "ಸರ್, ಯೋಧನನ್ನೇ ಆರಿಸಿ. ಕತ್ತಿ ಬೀಸಿದರಾಯಿತು, ನೆನಪಿಡಬೇಕಾದದ್ದು ಕಡಿಮೆ" ಎಂದನು. ಎರಡನೆಯವನು, "ಛೇ, ಪಾಠ ಹೇಳುವವರಿಗೆ ಕತ್ತಿ ಏಕೆ? ಮಾಂತ್ರಿಕನಾಗಿ. ಅವನಿಗೆ ಮಂತ್ರಗಳ ಪುಸ್ತಕವಿರುತ್ತದೆ" ಎಂದನು. ಮೂರನೆಯವನು, "ವೃತ್ತಿ ಯಾವುದಾದರೂ ಇರಲಿ, ಪಾತ್ರದ ಪೂರ್ವವೃತ್ತಾಂತವನ್ನು ಬರೆದು ತನ್ನಿ" ಎಂದು ಅಪ್ಪಣೆ ಮಾಡಿದನು. ಒಂದು ಕಾಲದಲ್ಲಿ ಅವನಿಂದ ಮನೆಕೆಲಸ ಮಾಡಿಸಿದವರು ನಾವು. ಈಗ ಅವನು ಕೊಟ್ಟ ಮನೆಕೆಲಸ ನಮ್ಮ ಪಾಲಿಗೆ ಬಂದಿತು. ಯೋಧನನ್ನೇ ಆರಿಸಿ, ವಜ್ರಬಾಹು ಎಂದು ಹೆಸರಿಟ್ಟು, ಅವನ ಮುತ್ತಾತನಿಂದ ಆರಂಭಿಸಿ 11 ಪುಟ ಬರೆದೆವು. ಆ 11 ಪುಟಗಳಲ್ಲಿ ಒಂದು ಸಾಲೂ ಇಂದಿನವರೆಗೆ ಉಪಯೋಗಕ್ಕೆ ಬಂದಿಲ್ಲ. ಮುತ್ತಾತನನ್ನು ಯಾವ ರಾಕ್ಷಸನೂ ವಿಚಾರಿಸಲಿಲ್ಲ.

ದಾದಿಯರ ಶಿಕ್ಷಣ ಪಡೆಯುತ್ತಿರುವ ಶಿಷ್ಯೆಯೊಬ್ಬಳು ಆ ಗುಂಪಿನಲ್ಲಿದ್ದಾಳೆ. ಅವಳು ಅದುವರೆಗೆ ಸುಮ್ಮನಿದ್ದು, ಕೊನೆಗೆ ಒಂದೇ ಮಾತು ಕೇಳಿದಳು: "ಸರ್, ವಜ್ರಬಾಹುವಿಗೆ ಏನೇನು ಬರುತ್ತದೆ ಎಂದು ಬರೆದಿದ್ದೀರಿ. ಏನು ಬರುವುದಿಲ್ಲ?"

ಈ ಪ್ರಶ್ನೆಯ ಬೆಲೆ ನಮಗೆ ಅಂದು ತಿಳಿಯಲಿಲ್ಲ. ಅದನ್ನು ತಿಳಿಯಬೇಕಾದರೆ ಅಂಕಗಳ ಲೆಕ್ಕವನ್ನು ಸ್ವಲ್ಪ ಹೇಳಬೇಕು. ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಹೊಸಬರಿಗೆ ಸುಲಭವಾಗಲೆಂದು ಆರು ಸಿದ್ಧ ಸಂಖ್ಯೆಗಳನ್ನು ಕೊಟ್ಟಿದ್ದಾರೆ: 15, 14, 13, 12, 10, 8. ಯಾವ ಸಂಖ್ಯೆಯನ್ನು ಯಾವ ಗುಣಕ್ಕೆ ಕೊಡಬೇಕೆಂಬುದು ನಮ್ಮ ಇಷ್ಟ. 10 ಅಥವಾ 11 ಇದ್ದರೆ ಸಾಧಾರಣ. ದಾಳಕ್ಕೆ ಏನನ್ನೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಅಲ್ಲಿಂದ ಮೇಲೆ ಎರಡೆರಡಕ್ಕೆ ಒಂದರಂತೆ ಕೂಡಿಸಬೇಕು. 12 ಇದ್ದರೆ ಒಂದು, 14 ಇದ್ದರೆ ಎರಡು. ಆದರೆ 8 ಇದ್ದಲ್ಲಿ ಒಂದನ್ನು ಕಳೆಯಬೇಕು. ಯಾವುದೋ ಒಂದು ಗುಣಕ್ಕೆ ಆ 8ನ್ನು ಕೊಡಲೇಬೇಕು. ಅದನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ನಾವು ಒಂದು ಗಂಟೆ ಹುಡುಕಿದೆವು. ಪರೀಕ್ಷೆಯಲ್ಲಿ ಬಾರದ ಪ್ರಶ್ನೆಯ ಮುಂದೆ ಕುಳಿತ ಹುಡುಗನ ಮುಖ ಹೇಗಿರುತ್ತದೆಯೋ ನಮ್ಮ ಮುಖ ಹಾಗಿದ್ದಿರಬೇಕು.

ಯೋಧನಾದುದರಿಂದ ಬಲಕ್ಕೆ 15, ತಾಳಿಕೆಗೆ 14, ಚುರುಕಿಗೆ 13 ಎಂದು ಬರೆದೆವು. ಅವನು ಹಿಂದೆ ಸಿಪಾಯಿಯಾಗಿದ್ದವನೆಂದು ಹೇಳಿದ್ದರಿಂದ ನಿಯಮದಂತೆ ಬಲಕ್ಕೆ ಇನ್ನೆರಡು, ತಾಳಿಕೆಗೆ ಇನ್ನೊಂದು ಸೇರಿ 17, 15 ಆದವು. ವಿವೇಕಕ್ಕೆ 12. ಬುದ್ಧಿಗೆ 8 ಕೊಡಬಹುದಾಗಿತ್ತು; ಕತ್ತಿ ಹಿಡಿದವನಿಗೆ ಅದರಿಂದ ನಷ್ಟವಿಲ್ಲವೆಂದು ಹುಡುಗರು ಹೇಳಿದರು. ಆದರೆ ಉಪಾಧ್ಯಾಯರ ಮನಸ್ಸು ಒಪ್ಪಲಿಲ್ಲ. ಬುದ್ಧಿಗೆ 10 ಕೊಟ್ಟು, ಉಳಿದ 8ನ್ನು ಯಾರಿಗೂ ಕಾಣದಂತೆ ಹಾಳೆಯ ಕೆಳಗಿನ ಮೂಲೆಯಲ್ಲಿದ್ದ ವರ್ಚಸ್ಸಿನ ಮನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆವು. ವರ್ಚಸ್ಸೆಂದರೆ ಮಾತಿನಿಂದ ಇನ್ನೊಬ್ಬರ ಮನಸ್ಸನ್ನು ಒಲಿಸುವ ಶಕ್ತಿ. ದಿನಕ್ಕೆ ಆರು ಪಾಠಗಳಲ್ಲಿ ಮಾತನಾಡಿ ಬದುಕುವ ನಮಗೆ ಆ ಗುಣ ಸ್ವಂತದ್ದಾಗಿಯೇ ಇದೆ, ಅಂಕದ ಹಂಗೇಕೆ ಎಂದುಕೊಂಡೆವು.

ಮುಂದೆ ಸಲಕರಣೆಗಳ ವಿಚಾರ. ಇಲ್ಲಿಯೂ ಸಲಹೆಗಳ ಮಳೆ ಸುರಿಯಿತು. ದಪ್ಪನೆಯ ಮೂರು ಪುಸ್ತಕಗಳು ಬೇಕೆಂದರು. ಚೌಕುಳಿ ಬರೆದ ಹಾಸುಪಟ, ಪಾತ್ರಕ್ಕೊಂದು ಬಣ್ಣದ ಬೊಂಬೆ, ಕಥೆ ನಡೆಸುವವನ ಟಿಪ್ಪಣಿಗಳನ್ನು ಮರೆಮಾಡುವ ರಟ್ಟಿನ ತೆರೆ ಬೇಕೆಂದರು. ಮೊಬೈಲಿನಲ್ಲಿಯೇ ಲೆಕ್ಕ ಮಾಡಿ ದಾಳ ಉರುಳಿಸುವ ಸಾಧನವಿದೆಯೆಂದೂ ಹೇಳಿದರು. ಪಟ್ಟಿಯನ್ನು ಕೂಡಿಸಿ ನೋಡಿದಾಗ ಮನೆಬಾಡಿಗೆಯ ನೆನಪಾಯಿತು. ಹಿಂದೆ ಹೇಳಿದ ಶಿಷ್ಯೆಯೇ ಮತ್ತೆ ನಮ್ಮನ್ನು ಕಾಪಾಡಿದಳು. "ಪೆನ್ಸಿಲ್, ರಬ್ಬರ್, ಒಂದು ಹಾಳೆ. ದಾಳ ನನ್ನದನ್ನೇ ಬಳಸಿ" ಎಂದಳು. ರಬ್ಬರನ್ನು ಮರೆಯಬಾರದೆಂದೂ ಎಚ್ಚರಿಸಿದಳು. ಈ ಆಟದಲ್ಲಿ ಪ್ರಾಣವನ್ನೂ ಅಂಕದಲ್ಲಿಯೇ ಬರೆದಿಡುತ್ತಾರೆ. ವಜ್ರಬಾಹುವಿಗೆ ಮೊದಲ ಮೆಟ್ಟಿಲಿನಲ್ಲಿ 12 ಪ್ರಾಣಗಳು. ಪೆಟ್ಟು ಬಿದ್ದಂತೆಲ್ಲ ಅಳಿಸಿ ಬರೆಯಬೇಕು.

ದಾಳಗಳನ್ನು ಕಂಡಾಗ ನಮಗೆ ನಿಜವಾಗಿ ಸಂತೋಷವಾಯಿತು. ಒಂದು ಕಂತೆಯಲ್ಲಿ ಏಳು ದಾಳಗಳಿರುತ್ತವೆ. ಅವುಗಳಲ್ಲಿ 4, 6, 8, 12, 20 ಮುಖಗಳವು ಐದು. ಎಲ್ಲ ಮುಖಗಳೂ ಸಮನಾಗಿದ್ದು, ಪ್ರತಿಯೊಂದು ಮೂಲೆಯೂ ಒಂದೇ ತೆರನಾಗಿರುವ ಘನಾಕೃತಿಗಳು ಐದೇ ಎಂದು ಪ್ರಾಚೀನ ಗ್ರೀಕರು ಕಂಡುಕೊಂಡಿದ್ದರು. ಆ ಐದೂ ಇಲ್ಲಿ ಅಂಗೈಯಲ್ಲಿ ಕುಳಿತಿದ್ದವು. ಉಳಿದೆರಡು ಹತ್ತು ಮುಖಗಳವು. ಅವೆರಡನ್ನು ಒಟ್ಟಿಗೆ ಉರುಳಿಸಿದರೆ ನೂರರವರೆಗಿನ ಸಂಖ್ಯೆ ದೊರೆಯುತ್ತದೆ. ಮುಖ್ಯ ತೀರ್ಪುಗಳೆಲ್ಲ 20 ಮುಖಗಳ ದಾಳದವು. ಅದರಲ್ಲಿ ಒಂದೊಂದು ಸಂಖ್ಯೆ ಬೀಳುವ ಸಂಭವವೂ ನೂರಕ್ಕೆ 5. ಸಂದರ್ಭ ಅನುಕೂಲವಾಗಿದ್ದರೆ ಎರಡು ಬಾರಿ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಲು ಅವಕಾಶವಿದೆ. 11 ಅಥವಾ ಹೆಚ್ಚು ಬೇಕಾಗಿದ್ದಾಗ ಒಂದೇ ಬಾರಿ ಉರುಳಿಸಿದರೆ ಸಂಭವ ನೂರಕ್ಕೆ 50. ಎರಡು ಬಾರಿ ಉರುಳಿಸಿದರೆ 75. ಏಕೆಂಬುದನ್ನು ಹತ್ತನೆಯ ತರಗತಿಯವರು ಲೆಕ್ಕ ಮಾಡಿ ನಮಗೆ ತೋರಿಸಲಿ.

ದಾಳ ಕೊಳ್ಳಲಾಗದವರು ಹಿಂಜರಿಯಬೇಕಾಗಿಲ್ಲ. ಸಮಭುಜ ತ್ರಿಕೋನವೊಂದನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಮೂರು ಭುಜಗಳ ನಡುಬಿಂದುಗಳನ್ನು ಗೆರೆಗಳಿಂದ ಸೇರಿಸಿ, ಆ ಗೆರೆಗಳಲ್ಲಿ ಮೂಲೆಗಳನ್ನು ಮೇಲಕ್ಕೆ ಮಡಚಿ ಅಂಟಿಸಿದರೆ ನಾಲ್ಕು ಮುಖಗಳ ದಾಳ ಸಿದ್ಧ. 20 ಮುಖಗಳದಕ್ಕೆ ಬದಲಾಗಿ 20 ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೆ ಹಿಂದಿರುಗಿಸಬೇಕು. ನಾವು ಮನೆಯಲ್ಲಿ ಅಭ್ಯಾಸ ಮಾಡುವಾಗ ಹಿಂದಿರುಗಿಸದೆ ಎತ್ತುತ್ತ ಹೋಗಿ, ಕೊನೆಗೆ ಮುಂದಿನ ಸಂಖ್ಯೆ ಯಾವುದೆಂದು ಮೊದಲೇ ಹೇಳಬಲ್ಲ ತ್ರಿಕಾಲಜ್ಞಾನಿಗಳಾದೆವು.

ಪುಸ್ತಕದ್ದೊಂದು ತೊಡಕು ಉಳಿಯಿತು. ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ. ಮೆಟ್ರಿಕ್‌ವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ನಾವು ಇಂಗ್ಲಿಷನ್ನು ಓದಬಲ್ಲೆವು, ಆದರೆ ಆ ಭಾಷೆಯಲ್ಲಿ ಆಟವಾಡಲಾರೆವು. ಆಟಕ್ಕೆ ಬೇಕಾಗುವುದು ಯೋಚಿಸುವ ಮೊದಲೇ ಬಾಯಿಗೆ ಬರುವ ಭಾಷೆ. ಇದನ್ನು ಹುಡುಗರಿಗೆ ಹೇಳಿಕೊಳ್ಳಲು ನಮಗೆ ಎರಡು ಭಾನುವಾರ ಬೇಕಾದವು. ಹೇಳಿದ ಮೇಲೆ ಅವರಲ್ಲಿ ಇಬ್ಬರು, "ನಮಗೂ ಹಾಗೆಯೇ ಸರ್" ಎಂದರು. ಮೂಲ ನಿಯಮಗಳ ಸಾರಸಂಗ್ರಹವೊಂದನ್ನು ಪ್ರಕಾಶಕರು 2023ರ ಜನವರಿಯಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಪರಿಷ್ಕೃತ ನಿಯಮಗಳ ಸಂಗ್ರಹವೂ 2025ರಲ್ಲಿ ಹಾಗೆಯೇ ಬಂದಿತು. ಮೂಲದ ಹೆಸರನ್ನು ಹೇಳಿದರೆ ಸಾಕು, ಯಾರು ಬೇಕಾದರೂ ಅದನ್ನು ಅನುವಾದಿಸಿಕೊಳ್ಳಬಹುದು. ನಾವೆಲ್ಲ ಸೇರಿ ಜುಲೈ ತಿಂಗಳಲ್ಲಿ ಅಗತ್ಯವಾದ ನಲವತ್ತು ಮಾತುಗಳನ್ನು ಕನ್ನಡಕ್ಕೆ ತಂದೆವು. ಕಥೆ ನಡೆಸುವವನಿಗೆ 'ಭಾಗವತ' ಎಂದೂ, ಪಾತ್ರದ ಅಂಕಗಳನ್ನು ಬರೆದಿಡುವ ಹಾಳೆಗೆ 'ಜಾತಕ' ಎಂದೂ, ಆಪತ್ತಿನಿಂದ ತಪ್ಪಿಸಿಕೊಳ್ಳಲು ಹಾಕುವ ದಾಳಕ್ಕೆ 'ಪಾರಾಗುವ ಎಸೆತ' ಎಂದೂ ಹೆಸರಿಟ್ಟೆವು. ಆಗಸ್ಟಿನಿಂದ ಆಟವು ಕನ್ನಡದಲ್ಲಿ ನಡೆಯತೊಡಗಿತು.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ಅದೇ ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ತಡವಾಗಿ ಬಂದನು. ಕಾರಣ ಕೇಳಿದೆವು. "ಸರ್, ಬಸ್ಸು ತಡವಾಗಿ ಬಂದಳು" ಎಂದನು. ಈ ನಗರದ ಮಕ್ಕಳು ಹಗಲೆಲ್ಲ ಮರಾಠಿ, ಹಿಂದಿಗಳ ನಡುವೆ ಬಾಳುತ್ತಾರೆ. ಆ ಭಾಷೆಗಳಲ್ಲಿ ಬಸ್ಸು ಸ್ತ್ರೀಲಿಂಗ. ತಪ್ಪು ಎಲ್ಲಿಂದ ಬಂದಿತೆಂದು ನಮಗೆ ತಿಳಿದೇ ಇದ್ದಿತು. ಮೆಲ್ಲನೆ ತಿದ್ದಿದ್ದರೆ ಸಾಕಾಗಿತ್ತು. ನಾವು ಹಾಗೆ ಮಾಡಲಿಲ್ಲ. "ಓಹೋ, ಬಸ್ಸಮ್ಮನವರು ಬಂದರೇನು? ಯಾವ ಬಣ್ಣದ ಸೀರೆ ಉಟ್ಟಿದ್ದರು?" ಎಂದೆವು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಮ್ಮ ಚಾತುರ್ಯಕ್ಕೆ ನಾವೇ ಮೆಚ್ಚಿಕೊಂಡೆವು. ಹುಡುಗನು ತಲೆ ತಗ್ಗಿಸಿ ಕುಳಿತನು.

ಅಂದಿನಿಂದ ಅವನು ಮಾತನಾಡುವುದನ್ನು ಬಿಟ್ಟನು. ಬರೆಯುವುದರಲ್ಲಿ ಕೊರತೆಯಿಲ್ಲ, ನೋಟುಪುಸ್ತಕ ಅಚ್ಚುಕಟ್ಟು. ಆದರೆ ಕೇಳಿದರೆ "ಹೌದು ಸರ್", "ಇಲ್ಲ ಸರ್" ಎಂಬೆರಡು ಮಾತುಗಳು ಮಾತ್ರ. ಆ ಎರಡರಲ್ಲಿ ಲಿಂಗದ ತಪ್ಪು ಮಾಡಲು ಎಡೆಯೇ ಇಲ್ಲ. ಇದು ನಮ್ಮ ಗಮನಕ್ಕೆ ಬಂದದ್ದು ಜುಲೈ ತಿಂಗಳ ಕೊನೆಯಲ್ಲಿ. ಕರೆದು ಕೇಳಿದರೆ, "ಏನೂ ಇಲ್ಲ ಸರ್" ಎಂದನು. ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ಭಾಷಣ ಮಾಡುವ ನಾವು ಒಬ್ಬ ಹುಡುಗನ ಬಾಯಿಯಿಂದ ಅದನ್ನು ಕಿತ್ತುಕೊಂಡಿದ್ದೆವು.

ಆಗಸ್ಟಿನ ಒಂದು ಭಾನುವಾರ ಬೆಳಗಿನಿಂದಲೇ ಜಡಿಮಳೆ. ನಮ್ಮ ಗುಂಪಿನ ಒಬ್ಬನು ಮನೆಯಲ್ಲಿ ಯಾರೂ ಇಲ್ಲವೆಂದು ತನ್ನ ತಮ್ಮನನ್ನೂ ಜೊತೆಗೆ ಕರೆತಂದಿದ್ದನು. ಬಾಗಿಲಿನಲ್ಲಿ ಕೊಡೆ ಮಡಚುತ್ತಿದ್ದ ಆ ತಮ್ಮನನ್ನು ನೋಡಿದರೆ, ಅವನೇ! ನಮ್ಮನ್ನು ಕಂಡು ಅವನು ಗೋಡೆಗಂಟಿಕೊಂಡನು. ಭಾಗವತನು ಇದಾವುದನ್ನೂ ಅರಿಯದೆ, "ಸುಮ್ಮನೆ ಕೂರಬೇಡ. ಹಾಡುಗಾರನ ಪಾತ್ರವೊಂದು ಖಾಲಿಯಿದೆ, ತೆಗೆದುಕೋ" ಎಂದು ಜಾತಕವನ್ನು ಅವನ ಕೈಗೆ ಕೊಟ್ಟನು. ಹುಡುಗನು ಅದಕ್ಕೊಂದು ಹೆಸರು ಬರೆದುಕೊಂಡು ಮೂಲೆಯಲ್ಲಿ ಕುಳಿತನು. ಒಂದು ಗಂಟೆಯವರೆಗೆ ಅವನ ಬಾಯಿಂದ ಬಂದದ್ದು, "ನಾನೂ ಹೋಗುತ್ತೇನೆ" ಎಂಬ ಮಾತೊಂದೇ.

ಕಥೆಯಲ್ಲಿ ಅಂದು ನಾವು ಪ್ರವಾಹದಲ್ಲಿ ಸಿಕ್ಕಿದ್ದೆವು. ಹೊಳೆ ಸೇತುವೆಯನ್ನು ಕೊಚ್ಚಿಕೊಂಡು ಹೋಗುವಾಗ ಹಾಡುಗಾರನೂ ನೀರಿಗೆ ಬಿದ್ದನು. ವಜ್ರಬಾಹುವಿನ ಬಲಕ್ಕೆ ಕೂಡಿಸಬೇಕಾದ ಮೂರು ಅಂಕಗಳು ಅಂದು ಸಾರ್ಥಕವಾದವು. ದಾಳವೂ ಒಲಿದು ಅವನನ್ನು ದಡಕ್ಕೆ ಎಳೆದುಹಾಕಿದೆವು. ನೆನೆದು ನಡುಗುತ್ತ ಒಂದು ಬೆಟ್ಟದ ಊರಿನ ಹೆಬ್ಬಾಗಿಲಿಗೆ ಬಂದೆವು. ಕತ್ತಲಾದ ಮೇಲೆ ಪರಸ್ಥಳದವರನ್ನು ಬಿಡಕೂಡದೆಂದು ಕಾವಲುಗಾರನು ತಡೆದನು. ಹಿರಿಯರೆಂಬ ಸಲುಗೆಯಿಂದ ನಾವೇ ಮುಂದಾದೆವು. "ಎಲೈ ದ್ವಾರಪಾಲಕನೇ! ಸಕಲ ಧರ್ಮಗಳಲ್ಲಿ ಅತಿಥಿಸತ್ಕಾರವೇ ಶ್ರೇಷ್ಠವೆಂಬುದನ್ನು ಅರಿಯೆಯಾ?" ಎಂದು ಆರಂಭಿಸಿ, ತಾಳಮದ್ದಳೆಯ ಸಂಸ್ಕಾರವನ್ನೆಲ್ಲ ಸುರಿದು ಎರಡು ನಿಮಿಷ ಮಾತನಾಡಿದೆವು. "ದಾಳ ಹಾಕಿ ಸರ್, ಹತ್ತು ಬಂದರೆ ಸಾಕು" ಎಂದನು ಭಾಗವತ. ಹಾಕಿದೆವು. ಸರಿಯಾಗಿ 10 ಬಿದ್ದಿತು. ಚಪ್ಪಾಳೆ ತಟ್ಟಲು ಕೈಯೆತ್ತಿದೆವು. ಆಗ ಯಾರೋ, "ಸರ್, ವರ್ಚಸ್ಸು ಎಂಟು. ಒಂದು ಕಳೆಯಿರಿ" ಎಂದರು. ಉಳಿದದ್ದು 9.

"ಕಾವಲುಗಾರನು ಆಕಳಿಸಿದನು" ಎಂದನು ಭಾಗವತ. ಎಲ್ಲರೂ ನಕ್ಕರು. ಅವಲಕ್ಕಿಯ ದಿನವೂ ನಕ್ಕಿದ್ದರು, ಅಂದು ನಮಗೆ ಏನೂ ಅನ್ನಿಸಿರಲಿಲ್ಲ. ಆದರೆ ಈಗ ಮನಸ್ಸಿಟ್ಟು ಆಡಿದ ಮಾತು ನಗೆಗೀಡಾಗಿದ್ದಿತು. ಕಾಗದದ ಮೇಲಿನ ಯೋಧನಿಗೆ ಆದ ಅವಮಾನಕ್ಕೆ ನಮ್ಮ ಕಿವಿಗಳು ಬಿಸಿಯಾದವು. ಜೂನ್ ತಿಂಗಳ ತರಗತಿ ಥಟ್ಟನೆ ಕಣ್ಣ ಮುಂದೆ ಬಂದಿತು. ಮೂಲೆಯ ಕಡೆಗೆ ನೋಡಿದೆವು. ಹುಡುಗನೊಬ್ಬನು ಮಾತ್ರ ನಗುತ್ತಿರಲಿಲ್ಲ.

ಅವನು ಹಾಳೆಯನ್ನು ನೋಡುತ್ತಲೇ ಸಣ್ಣ ದನಿಯಲ್ಲಿ ಹೇಳತೊಡಗಿದನು: "ಕಾವಲಣ್ಣಾ, ಸಾಯಂಕಾಲ ಹೊಳೆ ಬಂದಳು. ನಮ್ಮ ಸೇತುವೆ ಎತ್ತಿಕೊಂಡು ಹೋದಳು. ನಾನು ಹಾಡು ಹೇಳುವವನು. ನನ್ನ ತಂಬೂರಿ ಈಗ ಅವಳ ಹತ್ತಿರವೇ ಇದೆ. ಈ ದೊಡ್ಡಣ್ಣನಿಗೆ ಮಾತು ಸರಿಯಾಗಿ ಬರುವುದಿಲ್ಲ. ಆದರೆ ನನ್ನನ್ನು ನೀರಿನಿಂದ ಎತ್ತಿದ್ದು ಅವನೇ. ಒಂದು ರಾತ್ರಿ ಒಳಗೆ ಮಲಗಲು ಬಿಡು. ಬೆಳಿಗ್ಗೆ ಅವಳು ಇಳಿದ ಮೇಲೆ ಹೋಗುತ್ತೇವೆ."

ಹದಿಮೂರು ವರ್ಷಗಳ ಅಭ್ಯಾಸದಿಂದ, 'ಹೊಳೆ ಬಂದಿತು ಎನ್ನಬೇಕು' ಎಂಬ ತಿದ್ದುಪಡಿ ನಮ್ಮ ನಾಲಗೆಯ ತುದಿಗೆ ಬಂದಿತು. ಅದನ್ನು ಅಲ್ಲಿಯೇ ನುಂಗಿದೆವು. ಕಾವೇರಿಯನ್ನು ತಾಯಿಯೆನ್ನುವ ನಾಡಿನವರು ನಾವು; ಹೊಳೆ ಬಂದಳು ಎಂದರೆ ಅದರಲ್ಲಿ ತಿದ್ದಬೇಕಾದದ್ದೇನಿದೆ? ಬಸ್ಸಿನ ಮಾತನ್ನು ಆಡಿದ ನಾಲಗೆಯೇ ಇದನ್ನೂ ಆಡಿದ್ದಿತು. ಅಂದು ನಾವು ಆ ನಾಲಗೆಯ ತಪ್ಪನ್ನು ಮಾತ್ರ ಕೇಳಿದ್ದೆವು. ಕೋಣೆಯಲ್ಲಿ ಯಾರೂ ನಗಲಿಲ್ಲ. ಹೊರಗೆ ಮಳೆಯ ಸದ್ದು ಮಾತ್ರ ಕೇಳುತ್ತಿದ್ದಿತು. ಅಣ್ಣನು ದಾಳವನ್ನು ಅವನ ಕಡೆಗೆ ಸರಿಸಿದನು. ಭಾಗವತನು ಕೈಯಡ್ಡ ಹಿಡಿದು, "ದಾಳ ಬೇಡ" ಎಂದನು. ಫಲ ಸಂದೇಹಾಸ್ಪದವಾಗಿದ್ದಾಗ ಮಾತ್ರ ದಾಳ ಹಾಕಬೇಕೆಂಬುದು ಈ ಆಟದ ನಿಯಮ. "ಕಾವಲುಗಾರನು ಬಾಗಿಲು ತೆರೆದನು."

ಸಂಜೆ ಮೆಟ್ಟಿಲಿಳಿಯುವಾಗ ಹುಡುಗನನ್ನು ನಿಲ್ಲಿಸಿ, "ಬಸ್ಸಿನ ದಿನ ನಾವು ಹಾಗೆ ಹೇಳಬಾರದಾಗಿತ್ತು. ತಪ್ಪು ನಮ್ಮದು" ಎಂದೆವು. ಅವನು ಕೊಡೆಯ ಹಿಡಿಯನ್ನು ತಿರುಗಿಸುತ್ತ, "ಬಂದಿತು ಎನ್ನಬೇಕೆಂದು ನನಗೆ ಆಗಲೇ ಗೊತ್ತಿತ್ತು ಸರ್. ಹೇಳುವಾಗ ಬಾಯಿಗೆ ಬರಲಿಲ್ಲ" ಎಂದನು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ವಾರ ತರಗತಿಯಲ್ಲಿ ಅವನು ತಾನಾಗಿ ಕೈಯೆತ್ತಲಿಲ್ಲ. ಅದರ ಮುಂದಿನ ವಾರವೂ ಎತ್ತಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಒಂದು ದಿನ ಎತ್ತಿದನು. ಉತ್ತರದಲ್ಲಿ ಎರಡು ತಪ್ಪುಗಳಿದ್ದವು. ಪಾಠ ಮುಗಿದ ಮೇಲೆ ಅವನ ಮೇಜಿನ ಬಳಿಗೆ ಹೋಗಿ ಅವನಿಗೆ ಮಾತ್ರ ಕೇಳುವಂತೆ ಹೇಳಿದೆವು. ವ್ಯಾಕರಣವನ್ನು ಬಿಟ್ಟುಕೊಡಲಾಗದು, ಪರೀಕ್ಷೆಯಲ್ಲಿ ಬಸ್ಸು ನಪುಂಸಕಲಿಂಗವೇ. ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಅವನಿಗೆ ಓದಿ ಹೇಳಿದ್ದೇವೆ. ತನ್ನ ಹೆಸರನ್ನೂ, ಅದಕ್ಕಿಂತ ಮುಖ್ಯವಾಗಿ ತನ್ನ ಹಾಡುಗಾರನ ಹೆಸರನ್ನೂ ಯಾರಿಗೂ ಹೇಳಕೂಡದೆಂಬ ಕರಾರಿನ ಮೇಲೆ ಒಪ್ಪಿಗೆ ಕೊಟ್ಟಿದ್ದಾನೆ.

ಇನ್ನು ಹೊಸಬರಾದ ನಿಮಗೆ ನಮ್ಮ ಸಲಹೆ. ಮೊದಲನೆಯದಾಗಿ, ಸರಳವಾದ ವೃತ್ತಿಯೊಂದನ್ನು ಆರಿಸಿಕೊಳ್ಳಿ. ಮಂತ್ರಗಳ ಭಾರ ಆಮೇಲೆ ಬರಲಿ. ಎರಡನೆಯದಾಗಿ, ಪೂರ್ವವೃತ್ತಾಂತಕ್ಕೆ ಮೂರು ವಾಕ್ಯಗಳು ಸಾಕು: ಪಾತ್ರಕ್ಕೆ ಏನು ಬೇಕು, ಯಾವುದಕ್ಕೆ ಹೆದರುತ್ತದೆ, ಯಾರಿಗಾಗಿ ಮನೆಗೆ ಹಿಂದಿರುಗಬೇಕು. ಮೂರನೆಯದಾಗಿ, ಪೆನ್ಸಿಲ್, ರಬ್ಬರ್, ಹಾಳೆ, ಒಂದು ಕಂತೆ ದಾಳ ಇಡೀ ಗುಂಪಿಗೆ ಸಾಕು. ಬೊಂಬೆಗಳ ಬದಲು ಹುಣಿಸೆಬೀಜಗಳನ್ನು ಇಡಬಹುದು. ನಾಲ್ಕನೆಯದಾಗಿ, ಆಟ ಆರಂಭಿಸುವ ಮುನ್ನ ಯಾರಿಗೆ ಯಾವ ವಿಷಯ ನೋವು ತರುತ್ತದೆಂದು ಕೇಳಿಕೊಂಡು ಅದನ್ನು ಕಥೆಯಿಂದ ಹೊರಗಿಡಿ. ಐದನೆಯದಾಗಿ, ನಿಮ್ಮ ಸರದಿ ಇಲ್ಲದಾಗ ಕಿವಿಗೊಟ್ಟು ಕೇಳಿ. ಆಟದ ಬಹುಪಾಲು ಅಲ್ಲಿಯೇ ಇದೆ. ಕೊನೆಯದಾಗಿ, 8ನ್ನು ಬಚ್ಚಿಡಬೇಡಿ. ಎಲ್ಲದರಲ್ಲಿಯೂ 15 ಇರುವವನಿಗೆ ಜೊತೆಗಾರರು ಏಕೆ ಬೇಕು? ನಮ್ಮಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿರುವುದರಿಂದಲೇ ಅವನು ಬಾಯಿ ತೆರೆಯಲು ಸ್ಥಳ ದೊರೆಯುತ್ತದೆ.

ವಜ್ರಬಾಹು ಈಗ ಮೂರನೆಯ ಮೆಟ್ಟಿಲಿನಲ್ಲಿದ್ದಾನೆ. ನಾಲ್ಕನೆಯದನ್ನು ಏರಿದಾಗ ಯಾವುದಾದರೂ ಒಂದು ಗುಣಕ್ಕೆ ಎರಡು ಅಂಕಗಳನ್ನು ಸೇರಿಸಿಕೊಳ್ಳಬಹುದಂತೆ. ಬಲಕ್ಕೆ ಸೇರಿಸಿ ಎಂದು ಸಲಹೆಗಾರರೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದಾರೆ. ಯೋಧನಿಗೆ ಅದೇ ಲಾಭವೆಂಬುದು ನಿಜ. ಅವರ ಸಲಹೆಗಳಲ್ಲಿ ಇದೊಂದನ್ನು ಮಾತ್ರ ನಾವು ಕೇಳುವುದಿಲ್ಲ. ಹಾಳೆಯ ಕೆಳಗಿನ ಮೂಲೆಯ 8ನ್ನು ರಬ್ಬರಿನಿಂದ ಅಳಿಸಿ 10 ಎಂದು ಬರೆಯುತ್ತೇವೆ. ಅದರಿಂದ ದಾಳಕ್ಕೆ ಏನೂ ಕೂಡುವುದಿಲ್ಲ. ಏನೂ ಕಳೆಯುವುದೂ ಇಲ್ಲ.